ಹತ್ತಿ ಬೀಜೋತ್ಪಾದನೆಯಲ್ಲಿ ಮುಂಗಡ ಹಣ: ಜೀತವಾಗುವುದು ಯಾವಾಗ?

ಹತ್ತಿಯಲ್ಲಿ ಹೈಬ್ರಿಡ್ ತಳಿಗಳ ಯುಗ 1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಸಿ. ಟಿ. ಪಟೇಲರು ಹೊರತಂದ ಎಚ್-4 ತಳಿಯಿಂದ ಪ್ರಾರಂಭವಾಯಿತು. ಎರಡು ವರ್ಷಗಳ ಬಳಿಕ, 1972ರಲ್ಲಿ, ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು 'ವರಲಕ್ಷ್ಮಿ'ಯನ್ನು ಕೊಟ್ಟರು. 1981ರಲ್ಲಿ ಡಿ.ಸಿ.ಎಚ್.-32 ಅಥವಾ 'ಜಯಲಕ್ಷ್ಮಿ' ಬಂದಿತು. ಈ ತಳಿಗಳಿಂದ ಹತ್ತಿ ಬೆಳೆಗಾರರಿಗೆ ಆದ ಲಾಭ ಎಲ್ಲರಿಗೂ ತಿಳಿದದ್ದೇ. ಆದರೆ ಈ ಬೀಜ ತಯಾರಾಗುವ ಹೊಲಗಳಲ್ಲಿ ದುಡಿಯುವವರು ಯಾರು, ಅವರು ಯಾವ ಷರತ್ತಿನ ಮೇಲೆ ದುಡಿಯುತ್ತಾರೆ ಎಂಬ ವಿಷಯ ಬೇಸಾಯದ ಪುಸ್ತಕಗಳಲ್ಲಿ ಕಾಣಸಿಗುವುದು ಅಪರೂಪ.

ಹತ್ತಿಯ ಹೈಬ್ರಿಡ್ ಬೀಜವನ್ನು ಕೈಯಿಂದಲೇ ಮಾಡಬೇಕು. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ದಿನ ಮಧ್ಯಾಹ್ನದ ನಂತರ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ದಳ ಹಾಗೂ ಪರಾಗಕೋಶಗಳನ್ನು ಒಟ್ಟಿಗೆ ಬಿಡಿಸಿ ತೆಗೆಯಬೇಕು. ಒಳಗಿನ ಶಲಾಕೆಗೆ ಪೆಟ್ಟಾಗಬಾರದು. ಬಳಿಕ ಕೆಂಪು ತೆಳು ಕಾಗದದ ಚೀಲ ತೊಡಿಸಬೇಕು. ಮಾರನೆಯ ದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಪರಾಗವನ್ನು ಸವರಬೇಕು. ಒಂದು ಗಂಡು ಹೂವಿನಿಂದ ನಾಲ್ಕೈದು ಹೆಣ್ಣು ಹೂಗಳಿಗೆ ಸಾಕಾಗುತ್ತದೆ. ರೈತರು 'ಕ್ರಾಸಿಂಗ್' ಎಂದು ಕರೆಯುವ ಈ ಕೆಲಸ ಎರಡು ತಿಂಗಳಿಗೂ ಹೆಚ್ಚು ಕಾಲ, ಒಂದು ದಿನವೂ ಬಿಡುವಿಲ್ಲದೆ ನಡೆಯಬೇಕು. ಎಕರೆಗೆ ನಿತ್ಯವೂ ಸುಮಾರು ಹತ್ತು ಜನ ಬೇಕು. ಬೀಜೋತ್ಪಾದನೆಯ ಒಟ್ಟು ಖರ್ಚಿನಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಕೂಲಿಗೇ ಹೋಗುತ್ತದೆ.

ಇಷ್ಟು ಜನರನ್ನು ಬಿಡುವಿಲ್ಲದೆ ಹಿಡಿದಿಟ್ಟುಕೊಳ್ಳುವುದು ಹೇಗೆ? ಇದಕ್ಕಾಗಿಯೇ ಮುಂಗಡದ ಪದ್ಧತಿ ಬೆಳೆದು ಬಂದಿದೆ. ಬೇಸಿಗೆಯಲ್ಲಿ ಕೂಲಿ ಮನೆತನಗಳಿಗೆ ಹಣದ ಅಡಚಣೆ ಇರುತ್ತದೆ. ಮದುವೆ, ಕಾಯಿಲೆ, ಹಳೆಯ ಸಾಲ ಹೀಗೆ ಕಾರಣಗಳು ಹಲವು. ಆಗ ಬೀಜೋತ್ಪಾದಕ ರೈತ, ಅಥವಾ ಕಂಪನಿ ಮತ್ತು ರೈತರ ನಡುವೆ ನಿಂತ ಆರ್ಗನೈಸರ್, ಹಣ ಕೊಡುತ್ತಾನೆ. ಬದಲಿಗೆ ಕ್ರಾಸಿಂಗ್ ಮುಗಿಯುವವರೆಗೆ ಮನೆಯ ಇಬ್ಬರು ಅಥವಾ ಮೂವರು ಬರಬೇಕು ಎಂದು ಮಾತಾಗುತ್ತದೆ. ಆ ಇಬ್ಬರು ಮೂವರಲ್ಲಿ ಒಬ್ಬಳು ಹನ್ನೆರಡು ವರ್ಷದ ಹುಡುಗಿಯಾಗಿದ್ದರೂ ಕೇಳುವವರಿಲ್ಲ. ಶಾಲೆ ನಡೆಯುವ ತಿಂಗಳುಗಳೂ ಕ್ರಾಸಿಂಗ್ ತಿಂಗಳುಗಳೂ ಒಂದೇ. ಆದ್ದರಿಂದ ಆ ವರ್ಷದ ಶಾಲೆ ಅಲ್ಲಿಗೆ ಮುಗಿದಂತೆಯೇ.

ಮುಂಗಡವು ಉಪಕಾರ, ಅದಕ್ಕೆ ಬಡ್ಡಿಯನ್ನೂ ಹಾಕುವುದಿಲ್ಲ ಎಂದು ಕೊಡುವವರು ಹೇಳುವುದುಂಟು. ಇದನ್ನು ಲೆಕ್ಕ ಹಾಕಿ ನೋಡಬೇಕು. ಉದಾಹರಣೆಗೆ, ಒಂದು ಕುಟುಂಬಕ್ಕೆ 12,000 ರೂಪಾಯಿ ಮುಂಗಡ ಕೊಟ್ಟು, ಒಬ್ಬ ಹೆಣ್ಣಾಳಿಗೆ ದಿನಕ್ಕೆ 200 ರೂಪಾಯಿಯಂತೆ ಕೂಲಿ ಗೊತ್ತು ಮಾಡಿದರೆನ್ನೋಣ. ಹಂಗಾಮಿನಲ್ಲಿ ಅದೇ ಊರಿನ ಕೂಲಿ 350 ರೂಪಾಯಿ. ಎಂಬತ್ತು ದಿನ ದುಡಿದರೆ ಅವಳಿಗೆ ಸಲ್ಲುವುದು 16,000. ಮುಂಗಡ ಕಳೆದು ಕೈಗೆ ಬರುವುದು 4,000. ಮುಂಗಡವಿಲ್ಲದೆ ಊರಿನ ದರದಲ್ಲಿ ದುಡಿದಿದ್ದರೆ 28,000 ಬರುತ್ತಿತ್ತು. ಅಂದರೆ 12,000 ರೂಪಾಯಿಗೆ ಅವಳು ಮೂರು ತಿಂಗಳೊಳಗೆ ತೆತ್ತ ಬಡ್ಡಿ ಮತ್ತೊಂದು 12,000! ಬಾರದ ದಿನಗಳಿಗೆ ಕೂಲಿ ಮುರಿದುಕೊಂಡು, ಉಳಿದ ಬಾಕಿಯನ್ನು ಮುಂದಿನ ವರ್ಷಕ್ಕೆ ಎಳೆದರೆ ಈ ಲೆಕ್ಕ ಮುಗಿಯುವುದೇ ಇಲ್ಲ.

ಕಾನೂನು ಏನು ಹೇಳುತ್ತದೆ?

ಜೀತವೆಂದರೆ ಸಾಹುಕಾರನ ಮನೆಯಲ್ಲಿ ತಲೆಮಾರುಗಟ್ಟಲೆ ದುಡಿಯುವುದು ಮಾತ್ರ ಎಂಬ ತಿಳಿವಳಿಕೆ ಹಳ್ಳಿಗಳಲ್ಲಿದೆ. ಇದು ಸರಿಯಲ್ಲ. ಜೀತ ಕಾರ್ಮಿಕ ಪದ್ಧತಿ (ರದ್ದತಿ) ಅಧಿನಿಯಮ, 1976ರ ಪ್ರಕಾರ ಮುಂಗಡ ಪಡೆದ ಕಾರಣಕ್ಕೆ ಒಬ್ಬ ವ್ಯಕ್ತಿ ಕೂಲಿ ಇಲ್ಲದೆ ಅಥವಾ ನಾಮಮಾತ್ರ ಕೂಲಿಗೆ ದುಡಿಯಬೇಕಾದರೆ ಅದು ಜೀತ. ಬೇರೆಯವರಲ್ಲಿ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯವನ್ನು ಅಥವಾ ಬೇರೆಡೆಗೆ ಹೋಗಿಬರುವ ಹಕ್ಕನ್ನು ಕಳೆದುಕೊಂಡರೂ ಜೀತವೇ. ಅವಧಿ ಒಂದೇ ಹಂಗಾಮಿನದಾದರೂ ವ್ಯತ್ಯಾಸವಿಲ್ಲ. ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲಾತ್ಕಾರದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಸಾಲವು ಜೀತದ ಸಾಲವಲ್ಲ ಎಂದು ಸಾಬೀತುಪಡಿಸುವ ಹೊಣೆ ಕಾಯಿದೆಯ ಮೇರೆಗೆ ಸಾಲ ಕೊಟ್ಟವನದೇ. ತಪ್ಪಿತಸ್ಥನಿಗೆ ಮೂರು ವರ್ಷಗಳವರೆಗೆ ಸೆರೆವಾಸ ಆಗಬಹುದು.

ಮಕ್ಕಳ ವಿಷಯದಲ್ಲಿ ಕಾಯಿದೆ ಇನ್ನೂ ಬಿಗಿ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ. ಶಾಲೆಯ ವೇಳೆಯ ನಂತರ ಮತ್ತು ರಜೆಯಲ್ಲಿ ಸ್ವಂತ ಕುಟುಂಬದ ಅಪಾಯವಿಲ್ಲದ ಕೆಲಸಕ್ಕೆ ನೆರವಾಗಲು ವಿನಾಯಿತಿ ಇದೆ. ಈ ವಿನಾಯಿತಿ ದುರುಪಯೋಗವಾಗುವುದೇ ಬೀಜದ ಹೊಲಗಳಲ್ಲಿ. ನೆರೆಮನೆಯ ಮಗು 'ನಮ್ಮ ಅಣ್ಣನ ಮಗಳು' ಆಗಿಬಿಡುತ್ತದೆ.

ಮಕ್ಕಳ ಬೆರಳು ನಾಜೂಕು, ದೊಡ್ಡವರಿಗೆ ಈ ಕೆಲಸ ಒಗ್ಗದು ಎಂಬ ವಾದಕ್ಕೆ ಆಧಾರವಿಲ್ಲ. ಸಂಶೋಧನಾ ಕೇಂದ್ರಗಳ ತಾಕುಗಳಲ್ಲಿ ಇದೇ ಕೆಲಸವನ್ನು ವಯಸ್ಕ ಹೆಂಗಸರು ಮಾಡುತ್ತಾರೆ. ಮಕ್ಕಳನ್ನು ಕರೆಯುವುದಕ್ಕೆ ನಿಜವಾದ ಕಾರಣ ಅವರು ಕಡಿಮೆ ಕೂಲಿಗೆ ಬರುತ್ತಾರೆ, ಎದುರಾಡುವುದಿಲ್ಲ ಎಂಬುದು. ದಣಿದ ಮಗು ಒಂದೆರಡು ಪರಾಗಕೋಶಗಳನ್ನು ಬಿಟ್ಟರೆ ಆ ಹೂವಿನಲ್ಲಿ ಸ್ವಪರಾಗಸ್ಪರ್ಶವಾಗುತ್ತದೆ. ಪ್ರಮಾಣಿತ ಹೈಬ್ರಿಡ್ ಹತ್ತಿ ಬೀಜಕ್ಕೆ ಶೇಕಡಾ 90ರಷ್ಟು ತಳಿ ಶುದ್ಧತೆ ಬೇಕು. ಅದಕ್ಕಿಂತ ಕಡಿಮೆಯಾದರೆ ಇಡೀ ಲಾಟು ತಿರಸ್ಕೃತವಾಗಬಹುದು.

ಹೊಣೆ ಯಾರದು?

ಕಂಪನಿ ಮೂಲ ಬೀಜ ಕೊಡುತ್ತದೆ, ಆರ್ಗನೈಸರ್ ಮೂಲಕ ಹಣ ಕೊಡುತ್ತದೆ, ತಾನೇ ಗೊತ್ತು ಮಾಡಿದ ಬೆಲೆಗೆ ಬೀಜ ಕೊಳ್ಳುತ್ತದೆ. ಕೂಲಿಯವರ ಹೆಸರು ಮಾತ್ರ ಅದರ ಯಾವ ಪುಸ್ತಕದಲ್ಲೂ ಇರುವುದಿಲ್ಲ. 2003ರಲ್ಲಿ ದಾವುಲೂರಿ ವೆಂಕಟೇಶ್ವರ್ಲು ಅವರು ಆಂಧ್ರಪ್ರದೇಶದ ಹತ್ತಿ ಬೀಜದ ಹೊಲಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿ, ಬಹುರಾಷ್ಟ್ರೀಯ ಕಂಪನಿಗಳ ಬೀಜವೂ ಮಕ್ಕಳ ದುಡಿಮೆಯಿಂದ ತಯಾರಾಗುತ್ತಿದೆ ಎಂದು ತೋರಿಸಿದರು. ನಂತರ ಕೆಲವು ಕಂಪನಿಗಳು ಹೊಲಗಳ ತಪಾಸಣೆ ಆರಂಭಿಸಿ, ಮಕ್ಕಳನ್ನು ಹಚ್ಚದ ರೈತರಿಗೆ ಹೆಚ್ಚುವರಿ ಬೆಲೆ ಕೊಟ್ಟವು. ಇಂಗ್ಲೆಂಡಿನ 2015ರ ಕಾಯಿದೆಯೊಂದು, ದೊಡ್ಡ ಕಂಪನಿಗಳು ತಮಗೆ ಸರಕು ಒದಗಿಸುವವರಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದ್ದೇವೆಂದು ಪ್ರತಿವರ್ಷ ಹೇಳಿಕೆ ಪ್ರಕಟಿಸಬೇಕೆನ್ನುತ್ತದೆ. ನಮ್ಮಲ್ಲಿಯೂ ಷೇರುಪೇಟೆಯ ಅಗ್ರ 1000 ಕಂಪನಿಗಳು 2022-23ರಿಂದ ಇಂಥ ವರದಿ ಕೊಡಬೇಕಾಗಿದೆ.

ವರದಿ ಒಳ್ಳೆಯದೇ. ಆದರೆ ಖರೀದಿ ಬೆಲೆಯಲ್ಲಿ ವಯಸ್ಕರ ಕೂಲಿ ಅಡಕವಾಗಿಲ್ಲದಿದ್ದರೆ ವರದಿಯಿಂದ ಪ್ರಯೋಜನವಿಲ್ಲ. ಬಿ.ಟಿ. ಹತ್ತಿ ಬೀಜದ ಪೊಟ್ಟಣದ ಗರಿಷ್ಠ ಮಾರಾಟ ಬೆಲೆಯನ್ನು 2016ರಿಂದ ಕೇಂದ್ರ ಸರ್ಕಾರ ನಿಗದಿಪಡಿಸುತ್ತಿದೆ. ಬೀಜ ಮಾಡಿಕೊಡುವ ರೈತನಿಗೆ ಸಿಗಬೇಕಾದ ಬೆಲೆಗೆ ಅಂಥ ಆಧಾರವಿಲ್ಲ. ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲೇ ರೈತರು ಒಟ್ಟಾಗಿ, ಎಕರೆಗೆ ತಗಲುವ ಆಳುಗಳ ಲೆಕ್ಕವನ್ನು ವಯಸ್ಕರ ಕೂಲಿ ದರದಲ್ಲಿ ಬರೆದು ಮುಂದಿಡುವುದು ಲೇಸು. ಕಂಪನಿಯ ತಪಾಸಣೆಗಾರರು ಬರುವುದಾದರೆ ಮುಂಚಿತವಾಗಿ ತಿಳಿಸದೆ, ಮೊಗ್ಗು ಬಿಡಿಸುವ ಸಂಜೆಯ ವೇಳೆಗೂ ಪರಾಗ ಸವರುವ ಬೆಳಗಿನ ವೇಳೆಗೂ ಬರಬೇಕು. ಹನ್ನೆರಡು ಗಂಟೆಗೆ ಜೀಪಿನಲ್ಲಿ ಬಂದು ಬದುವಿನ ಮೇಲೆ ನಿಂತು ಹೋದರೆ ಏನೂ ಕಾಣದು.

ಹೊಲದಲ್ಲಿ ಮಾಡಬಹುದಾದದ್ದೂ ಇದೆ. ಮನೆಯವರು ಮತ್ತು ಊರಲ್ಲಿ ದೊರೆಯುವ ವಯಸ್ಕ ಆಳುಗಳು ನಿಭಾಯಿಸುವಷ್ಟೇ, ಅರ್ಧ ಎಕರೆಯಾದರೂ ಸರಿ, ಬೀಜೋತ್ಪಾದನೆ ಹಿಡಿಯಬೇಕು. ನೆರೆಹೊರೆಯ ಬೆಳೆಗಾರರು ಬಿತ್ತನೆಯನ್ನು ಹತ್ತು ಹದಿನೈದು ದಿನಗಳ ಅಂತರದಲ್ಲಿ ಮಾಡಿಕೊಂಡರೆ ಹೂ ಬಿಡುವ ಭರಾಟೆ ಒಂದೇ ಸಲ ಬರುವುದಿಲ್ಲ, ಮುಯ್ಯಾಳು ಪದ್ಧತಿಯಲ್ಲಿ ಒಬ್ಬರಿಗೊಬ್ಬರು ಒದಗಬಹುದು. ಗಂಡು ಬಂಜೆತನವುಳ್ಳ ಹೆಣ್ಣು ತಳಿಗಳನ್ನು ಬಳಸಿದರೆ ಮೊಗ್ಗು ಬಿಡಿಸುವ ಕೆಲಸವೇ ಇರುವುದಿಲ್ಲ. ಆದರೆ ಅಂಥ ಸಾಲಿನಲ್ಲಿ ಸುಮಾರು ಅರ್ಧದಷ್ಟು ಗಿಡಗಳು ಪರಾಗವುಳ್ಳವೇ ಆಗಿರುವುದರಿಂದ, ಹೂ ಬಿಟ್ಟ ಕೂಡಲೇ ಅವನ್ನು ಕಿತ್ತು ಹಾಕಬೇಕು. ಬಿತ್ತುವಾಗಲೇ ಒತ್ತಾಗಿ ಬಿತ್ತಿರಬೇಕು.

ಮುಂಗಡ ಕೊಡಲೇಬೇಕಾದಲ್ಲಿ ಅದನ್ನು ವಯಸ್ಕರಿಗೆ ಮಾತ್ರ ಕೊಡಬೇಕು. ಕೂಲಿಯನ್ನು ಊರಿನ ದರಕ್ಕೆ, ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ, ವಾರವಾರ ಬಟವಾಡೆ ಮಾಡಿ ಹಾಜರಿ ಪುಸ್ತಕದಲ್ಲಿ ಬರೆದಿಡಬೇಕು. ಮುಂಗಡವನ್ನು ಸಣ್ಣ ಕಂತುಗಳಲ್ಲಿ ಮುರಿದುಕೊಳ್ಳಬೇಕು. ಆಳು ಬಿಟ್ಟು ಹೋಗುವೆನೆಂದರೆ ತಡೆಯುವಂತಿಲ್ಲ. ಬಾಕಿಯನ್ನು ಬೇರೆ ಕೈಸಾಲದಂತೆ ಕೇಳಬಹುದೇ ಹೊರತು ದುಡಿಮೆಯ ರೂಪದಲ್ಲಿ ವಸೂಲು ಮಾಡಬಾರದು. ಗುತ್ತಿಗೆ ಲೆಕ್ಕದಲ್ಲಿ ಕೆಲಸ ಒಪ್ಪಿಸಿದರೆ ಮಕ್ಕಳು ಹೊಲಕ್ಕೆ ಬರುವುದು ಖಂಡಿತ. ದಿನಗೂಲಿಯೇ ಕ್ಷೇಮ.

ಜೀತ ಕಂಡುಬಂದಲ್ಲಿ ವಿಸ್ತರಣಾ ಕಾರ್ಯಕರ್ತರು ತಾಲ್ಲೂಕಿನ ತಹಸೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ತಿಳಿಸಬೇಕು. ಮಕ್ಕಳಿದ್ದರೆ 1098ಕ್ಕೆ ಫೋನ್ ಮಾಡಬಹುದು. ಬಿಡುಗಡೆಯಾದವರ ಜೀತದ ಸಾಲ ಕಾಯಿದೆಯಂತೆ ರದ್ದಾಗುತ್ತದೆ. 2016ರ ಕೇಂದ್ರ ಯೋಜನೆಯಲ್ಲಿ ಪುನರ್ವಸತಿಗಾಗಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಹಾಗೂ ಮಕ್ಕಳಿಗೆ 2 ಲಕ್ಷ ರೂಪಾಯಿ ನಿಗದಿಯಾಗಿದೆ.