ದೀರ್ಘ ಕಾಯಿಲೆಯವರಿಗೆ ಜೊತೆಗಾರರು ಬೇಕು

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಂಧಿವಾತ ಒಮ್ಮೆ ಬಂದರೆ ವರ್ಷಗಟ್ಟಲೆ ನಮ್ಮೊಂದಿಗೇ ಇರುತ್ತವೆ. ವೈದ್ಯರು ನಿಮ್ಮನ್ನು ನೋಡುವುದು ತಿಂಗಳಿಗೊಮ್ಮೆ, ಕೆಲವೇ ನಿಮಿಷ. ಸಿಹಿ ಬೇಡವೆಂದರೆ ಮುನಿಸಿಕೊಳ್ಳುವ ಬೀಗರಿಗೆ ಏನು ಹೇಳಬೇಕು, ಫ್ರಿಜ್ ಇಲ್ಲದ ಮನೆಯಲ್ಲಿ ಬೇಸಿಗೆಗೆ ಇನ್ಸುಲಿನ್ ಎಲ್ಲಿಡಬೇಕು ಎಂಬುದನ್ನೆಲ್ಲ ಅದೇ ಕಾಯಿಲೆಯೊಂದಿಗೆ ಬಾಳಿದವರಿಂದಲೇ ಕೇಳಬೇಕು. (ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಮಡಕೆಯೊಳಗೆ ನೆರಳಲ್ಲಿ ಇಡುವವರಿದ್ದಾರೆ.)

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ಇಂಥ ಜೊತೆಗಾಗಿ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಬಸ್ಸು ಹತ್ತಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ವಿಚಾರಿಸಿ. ಹಳ್ಳಿಯವರು ಆಶಾ ಕಾರ್ಯಕರ್ತೆಯನ್ನು ಕೇಳಿ. ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರಾಗಿರುವ ಉಪಕೇಂದ್ರಗಳಲ್ಲಿ ರೋಗಿಗಳ ಬೆಂಬಲ ಗುಂಪು ಕಟ್ಟಬೇಕೆಂಬುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಿಮ್ಮೂರಲ್ಲಿ ಇನ್ನೂ ಕಟ್ಟಿಲ್ಲವೆಂದರೆ, ನಿಮ್ಮ ಜೊತೆ ಮಾತ್ರೆಗಾಗಿ ಸರದಿಯಲ್ಲಿ ನಿಲ್ಲುವ ನಾಲ್ಕೈದು ಮಂದಿಯೇ ಗುಂಪಾಗಬಹುದು. ಗಂಡಸರ ಎದುರು ಮೂತ್ರದ ಸೋಂಕಿನ ಮಾತು ಆಡಲಾಗದ ತಾಯಂದಿರು ಯಾರಾದರೊಬ್ಬರ ಮನೆಯಲ್ಲಿ ಝುಹರ್ ನಮಾಝಿನ ನಂತರ ಅರ್ಧ ತಾಸು ಕೂರಲಿ. ಸ್ವಸಹಾಯ ಸಂಘವಿದ್ದರೆ ಇನ್ನೂ ಸುಲಭ.

ಆದರೆ ಎಲ್ಲ ಗುಂಪೂ ಒಳ್ಳೆಯದಲ್ಲ. "ಮಾತ್ರೆ ಬಿಡು, ಈ ಪುಡಿ ತಗೋ" ಎನ್ನುವವರು ಸೇರಿದ್ದರೆ ಎದ್ದು ಬನ್ನಿ. ಒಳಗೆ ಆಡಿದ ಮಾತು ಓಣಿಯಲ್ಲಿ ಕೇಳಿಬಂದರೂ ಅಷ್ಟೇ. ಮಗಳ ಸಂಬಂಧ ಎಲ್ಲಿ ತಪ್ಪೀತೋ ಎಂದು ಕಾಯಿಲೆ ಮುಚ್ಚಿಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಗುಟ್ಟು ಉಳಿಯುತ್ತದೆಂಬ ಭರವಸೆ ಇಲ್ಲದಿದ್ದರೆ ಅಂಥವರು ಹೊಸ್ತಿಲು ದಾಟುವುದಿಲ್ಲ.

ಗುಂಪಿನ ನಿಜವಾದ ಪರೀಕ್ಷೆ ರಮಝಾನಿನಲ್ಲಿ. ರೋಗಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ಆದರೂ ಮನೆಯವರೆಲ್ಲ ಉಪವಾಸವಿರುವಾಗ ತಾನೊಬ್ಬನೇ ಊಟ ಮಾಡಲು ನಾಚಿ, ಯಾರಿಗೂ ಹೇಳದೆ ಉಪವಾಸ ಹಿಡಿದು, ಮಧ್ಯಾಹ್ನ ಕೈ ನಡುಗಿ ಬೆವತು ಬೀಳುವವರಿದ್ದಾರೆ. ರಮಝಾನಿಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕು. ಮಾತ್ರೆ, ಇನ್ಸುಲಿನ್‌ನ ಹೊತ್ತು ಮತ್ತು ಪ್ರಮಾಣ ಬದಲಿಸಬೇಕಾಗಬಹುದು. ಉಪವಾಸದಲ್ಲಿ ಸಕ್ಕರೆ ಅಂಶ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ, ಇಫ್ತಾರಿಗೆ ಹತ್ತೇ ನಿಮಿಷವಿದ್ದರೂ ಉಪವಾಸ ಬಿಡಬೇಕು. ಇದನ್ನು ವೈದ್ಯರು ಹೇಳಿದರೆ ತಲೆಯಾಡಿಸಿ ಬರುತ್ತೇವೆ. "ಈ ವರ್ಷ ನಾನು ಉಪವಾಸ ಹಿಡಿಯಲಿಲ್ಲ" ಎಂದು ಪಕ್ಕದ ಓಣಿಯ ಹಿರಿಯರೊಬ್ಬರು ಗುಂಪಿನಲ್ಲಿ ನಿಸ್ಸಂಕೋಚವಾಗಿ ಹೇಳಿದರೆ ಮನಸ್ಸು ಒಪ್ಪುತ್ತದೆ.

ಮೊದಲ ದಿನವೇ ನೀವು ಬಾಯಿ ಬಿಡಬೇಕೆಂದಿಲ್ಲ, ಕೇಳಿಸಿಕೊಂಡು ಬನ್ನಿ. ಮೂರು ಸಲ ಹೋದ ಮೇಲೂ ಮನಸ್ಸು ಭಾರವಾಗಿಯೇ ಮರಳುತ್ತಿದ್ದರೆ ಆ ಗುಂಪು ನಿಮ್ಮದಲ್ಲ. ನಿದ್ದೆ ಹಾರಿ, ಬದುಕೇ ಬೇಡವೆನಿಸುತ್ತಿದ್ದರೆ ಮಾತ್ರ ಗುಂಪು ಸೇರುವ ದಿನದವರೆಗೆ ಕಾಯಬೇಡಿ. ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.