ಎರಡೂವರೆ ಲೀಟರ್ ಎಣ್ಣೆ, 600 ಕಿಲೋ ಮಣ್ಣು

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳು ತಂದು ಹೊಲಕ್ಕೆ ಹಾಕುವುದು ನಮ್ಮ ಕಡೆ ಹಳೆಯ ರೂಢಿ. ಒಂದು ಎಕರೆಗೆ ಬರೀ ಒಂದು ಸೆಂಟಿಮೀಟರ್ ದಪ್ಪ ಹೂಳು ಹರಡಬೇಕೆಂದರೆ 40 ಘನ ಮೀಟರ್ ಬೇಕು. ತೂಕ ಹೆಚ್ಚುಕಡಿಮೆ 50 ಟನ್. 20 ಕಿಲೋ ಹಿಡಿಯುವ ಬುಟ್ಟಿಯಲ್ಲಿ ಹೊತ್ತರೆ 2,500 ಬುಟ್ಟಿ. ಬೆರಳಿನ ಉಗುರಿನ ಅಗಲದಷ್ಟು ದಪ್ಪಕ್ಕೆ ಇಷ್ಟು!

ಕೃಷಿಹೊಂಡದ ಲೆಕ್ಕ ಇನ್ನೂ ದೊಡ್ಡದು. ಮೇಲೆ 21 ಮೀಟರ್ ಚೌಕ, ಆಳ 3 ಮೀಟರ್, ಬದಿಗಳು ಇಳಿಜಾರಾಗಿ ತಳದಲ್ಲಿ 15 ಮೀಟರ್ ಚೌಕ ಎಂದು ಹಿಡಿಯಿರಿ. ಅಗೆದ ಜಾಗ 981 ಘನ ಮೀಟರ್. ಅಗೆದ ಮಣ್ಣು ಸಡಿಲಾಗಿ ಕಾಲು ಪಾಲು ಉಬ್ಬಿದರೆ 1,200 ಘನ ಮೀಟರ್ ದಾಟುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಅತಿ ಉದ್ದದ್ದು, 1,507 ಮೀಟರ್. ಈ ಒಂದೇ ಹೊಂಡದ ಮಣ್ಣನ್ನು ಅದರ ಮೇಲೆ ಒಂದು ಮೀಟರ್ ಅಗಲಕ್ಕೆ ಸುರಿಯುತ್ತ ಹೋದರೆ ಈ ತುದಿಯಿಂದ ಆ ತುದಿಯವರೆಗೂ ಸೊಂಟದ ಹತ್ತಿರ ಬರುವ ಒಡ್ಡು ಏಳುತ್ತದೆ.

ಹೊಂಡ ಅಗೆಯುವುದು ಜೇಸಿಬಿ, ಹಿಟಾಚಿಗಳ ಕೆಲಸ. ಹಿಟಾಚಿಯಂತೂ ಧಾರವಾಡದ ಕಾರ್ಖಾನೆಯಲ್ಲೇ ತಯಾರಾಗುವ ಯಂತ್ರ. ಆದರೆ ಅಗೆದು ಗುಡ್ಡೆ ಹಾಕಿದ ಮಣ್ಣು, ತಿಪ್ಪೆಯ ಗೊಬ್ಬರ, ಕಲ್ಲು, ಹೊಟ್ಟು ಎತ್ತಿ ಟ್ರೇಲರಿಗೆ ತುಂಬುವ ಕೆಲಸ ವರ್ಷವಿಡೀ ಇರುತ್ತದೆ. ಅದಕ್ಕೆ ಮನೆಯ ಟ್ರ್ಯಾಕ್ಟರಿನ ಮುಂದೆ ಕೂಡಿಸುವ ಲೋಡರ್ ಸಾಕು. 0.4 ಘನ ಮೀಟರಿನ ಬಕೆಟ್ ಇದ್ದರೆ ಆ ಎಕರೆಯ ಹೂಳು 100 ಬಕೆಟ್‌ಗೆ ಮುಗಿಯುತ್ತದೆ.

ಎತ್ತುವ ಶಕ್ತಿ ಎಲ್ಲಿಂದ ಬರುತ್ತದೆ ನೋಡಿ. ಲೋಡರಿನ ಎರಡು ತೋಳುಗಳಿಗೆ ಒಂದೊಂದು ಸಿಲಿಂಡರ್, ಒಳಗಿನ ಪಿಸ್ಟನ್ ಬರೀ ಎರಡು ಇಂಚು ಅಗಲ. ಎಣ್ಣೆಯ ಒತ್ತಡ 150 ಬಾರ್ ಇದ್ದರೆ ಒಂದೊಂದು ಪಿಸ್ಟನ್ 3 ಟನ್ ಬಲದಿಂದ ತಳ್ಳುತ್ತದೆ, ಎರಡೂ ಸೇರಿ 6 ಟನ್. ಸಿಲಿಂಡರ್ ತೋಳಿನ ಬುಡದ ಹತ್ತಿರ ಕೂತಿರುತ್ತದೆ, ಬಕೆಟ್ ದೂರದ ತುದಿಯಲ್ಲಿರುತ್ತದೆ. ಆದ್ದರಿಂದ ತುದಿಗೆ ತಲುಪುವಷ್ಟರಲ್ಲಿ ಆ ಬಲ ಆರನೇ ಒಂದು ಪಾಲಿಗೆ ಇಳಿಯಬಹುದು. ಅದಕ್ಕೆ ಬದಲಾಗಿ ಎತ್ತರ ಸಿಗುತ್ತದೆ. ಪಿಸ್ಟನ್ 60 ಸೆಂಟಿಮೀಟರ್ ಸರಿಯಲು ಎರಡೂ ಸಿಲಿಂಡರಿಗೆ ಸೇರಿ ಬೇಕಾಗುವ ಎಣ್ಣೆ ಎರಡೂವರೆ ಲೀಟರಿಗೂ ಕಡಿಮೆ. ನಿಮಿಷಕ್ಕೆ 30 ಲೀಟರ್ ಕೊಡುವ ಪಂಪಿಗೆ ಅದು ಐದು ಸೆಕೆಂಡಿನ ಮಾತು. 30 ಬುಟ್ಟಿ ಮಣ್ಣು, ಅಂದರೆ 600 ಕಿಲೋ, ಅಷ್ಟರಲ್ಲಿ ಟ್ರೇಲರಿನ ಅಂಚು ದಾಟಿರುತ್ತದೆ. ನನಗೆ ಇದು ಇಂದಿಗೂ ಬೆರಗೇ.

ಇದಕ್ಕಿಂತ ದೊಡ್ಡ ಬೆರಗು ಟ್ರ್ಯಾಕ್ಟರಿನ ಕೆಳಗೆ ನಡೆಯುತ್ತದೆ. 50 ಎಚ್‌ಪಿ ಟ್ರ್ಯಾಕ್ಟರ್ 2,100 ಕಿಲೋ ತೂಗುತ್ತದೆ, ಮುಂದಿನ ಗಾಲಿಗಳ ಮೇಲೆ 850, ಹಿಂದೆ 1,250 ಎಂದುಕೊಳ್ಳೋಣ. ಮುಂದಿನ ಆಕ್ಸೆಲ್‌ನಿಂದ 1.6 ಮೀಟರ್ ಮುಂದೆ 600 ಕಿಲೋ ಎತ್ತಿದಿರಿ. ಗಾಲಿಗಳ ನಡುವಿನ ಅಂತರ 2 ಮೀಟರ್. ಮುಂದಿನ ಗಾಲಿಗಳ ಮೇಲೆ ಏರುವ ಭಾರ 600 ಅಲ್ಲ, 1,080 ಕಿಲೋ! ಉಳಿದ 480 ಎಲ್ಲಿಂದ ಬಂತು? ಹಿಂದಿನ ಗಾಲಿಗಳಿಂದ ಕಿತ್ತುಕೊಂಡು ಬಂತು. ಈಗ ಮುಂದೆ 1,930, ಹಿಂದೆ ಬರೀ 770. ಲೋಡರಿನ ಸ್ವಂತ ತೂಕ ಇದರಲ್ಲಿ ಸೇರಿಲ್ಲ. ಟೂ ವೀಲ್ ಡ್ರೈವ್ ಟ್ರ್ಯಾಕ್ಟರಾದರೆ ಎಳೆಯುವ ಗಾಲಿಗಳೇ ಹಗುರಾಗಿವೆ, ಆರಿಂಚು ಅಗಲದ ಮುಂದಿನ ಟೈರುಗಳು ಹಸಿ ಎರೆಯಲ್ಲಿ ಹೂತುಕೊಳ್ಳುತ್ತವೆ. ಮೊದಮೊದಲು ಸ್ಟೇರಿಂಗ್ ಗಟ್ಟಿಯಾಯಿತು, ಬ್ರೇಕ್ ಹಿಡಿಯುತ್ತಿಲ್ಲ, ಹಿಂದಿನ ಗಾಲಿ ಜಾರುತ್ತಿದೆ ಎಂದು ಚಾಲಕರು ಒದ್ದಾಡುವುದಕ್ಕೆ ಕಾರಣ ಇದೇ.

ಮದ್ದೂ ಲೆಕ್ಕದಲ್ಲೇ ಇದೆ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಕಾಂಕ್ರೀಟ್ ಗಟ್ಟಿ 500 ಕಿಲೋ ದಾಟುತ್ತದೆ. ಅದನ್ನು ಹಿಂದಿನ ಲಿಂಕೇಜಿಗೆ, ಆಕ್ಸೆಲ್‌ನಿಂದ 80 ಸೆಂಟಿಮೀಟರ್ ಹಿಂದೆ ಬರುವಂತೆ ಕಟ್ಟಿದರೆ ಹಿಂದಿನ ಗಾಲಿಗೆ 700 ಕಿಲೋ ಸೇರುತ್ತದೆ, ಮುಂದೆ 200 ಇಳಿಯುತ್ತದೆ. 500 ಕಿಲೋ ಕೊಟ್ಟು 700ರ ಕೆಲಸ ಪಡೆಯುವ ವ್ಯವಹಾರ ಇದು. ಎಷ್ಟೋ ಕಡೆ ಲೋಡರಿಗೆ ದುಡ್ಡು ಸುರಿದು ಈ ಗಟ್ಟಿಯನ್ನೇ ಬಿಟ್ಟಿರುತ್ತಾರೆ. ಅದು ತಪ್ಪು.

ಲೋಡರ್ ಕೂಡಿಸುವಾಗ ಅದರ ಫ್ರೇಮ್ ಟ್ರ್ಯಾಕ್ಟರಿನ ಮುಂದಿನ ತುದಿಗಷ್ಟೇ ಅಂಟಿಕೊಂಡಿರಬಾರದು, ಹಿಂದಿನ ಆಕ್ಸೆಲ್‌ವರೆಗೂ ಭಾರ ಹಂಚುವಂತಿರಬೇಕು. ಕೆಲಸ ಶುರುವಾದ ಮೊದಲ ದಿನಗಳಲ್ಲಿ ಬೋಲ್ಟುಗಳನ್ನು ಮತ್ತೆ ಮತ್ತೆ ಬಿಗಿ ಮಾಡಬೇಕು. ತುಂಬಿದ ಬಕೆಟ್‌ನೊಂದಿಗೆ ಸಾಗುವಾಗ ಅದು ನೆಲದಿಂದ ಒಂದಡಿ ಮೇಲಿದ್ದರೆ ಸಾಕು. ಹೋಸ್ ಸೋರುತ್ತಿದೆಯೇ ಎಂದು ಬರಿಗೈಯಿಂದ ತಡಕಬೇಡಿ. 150 ಬಾರ್ ಎಂದರೆ ಹಿಂದಿನ ಟೈರಿನ ಗಾಳಿಯ ನೂರು ಪಟ್ಟಿಗೂ ಮೀರಿದ ಒತ್ತಡ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಒಂದು ರಟ್ಟು ಹಿಡಿದು ನೋಡಿ.

ಧಾರವಾಡದ ಕೃಷಿ ಮೇಳದಲ್ಲಿ ಲೋಡರಿನ ಬೆಲೆ ವಿಚಾರಿಸುವವರು ಎಷ್ಟು ಎತ್ತುತ್ತದೆ ಎಂದು ಕೇಳುವ ಮೊದಲು ಹಿಂದೆ ಎಷ್ಟು ತೂಕ ಕಟ್ಟಬೇಕು ಎಂದು ಕೇಳಿ. ಸರಿಯಾಗಿ ಉತ್ತರ ಕೊಡುವವರಿಂದಲೇ ಕೊಳ್ಳಿ.