ಹಾಲು ಉಕ್ಕಿಹೋಯ್ತು, ಇಂಗ್ಲಿಷ್‌ನಲ್ಲಿ ಹೇಗೆ ಹೇಳೋದು?

ಇಂಗ್ಲಿಷ್ ಕಲಿಯೋಕೆ ಬರುವವರು ದೊಡ್ಡ ಪದಗಳಿಗೆ ಹೆದರುವುದಿಲ್ಲ. 'ರೆಸ್ಪಾನ್ಸಿಬಿಲಿಟಿ' ಥರದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿಬಿಡುತ್ತಾರೆ. ಎಡವೋದು ಅಪ್, ಆಫ್, ಔಟ್, ಆನ್, ಟು ಎನ್ನುವ ಪುಟಾಣಿ ಪದಗಳ ಹತ್ತಿರ. ಸಂಜೆ ಹೊತ್ತು ನಮ್ಮ ಮನೆಯ ಹಜಾರದಲ್ಲಿ ಐದಾರು ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಲ್ಲಿ ಬಟ್ಟೆ ಹೊಲಿಯುವವರೊಬ್ಬರು ಕೇಳಿದ್ದರು: "ಮೇಡಂ, ಗಿವ್ ಅಂದ್ರೆ ಕೊಡು, ಅಪ್ ಅಂದ್ರೆ ಮೇಲೆ. ಹಾಗಾದ್ರೆ ಗಿವ್ ಅಪ್ ಅಂದ್ರೆ ಮೇಲಕ್ಕೆ ಕೊಡು ಅಂತಲಾ?"

ನ್ಯಾಯವಾದ ಪ್ರಶ್ನೆ. ಗಿವ್ ಅಪ್ ಅಂದರೆ ಬಿಟ್ಟುಬಿಡು. ಕೊಡೋದೂ ಇಲ್ಲ, ಮೇಲೂ ಇಲ್ಲ. ಇಂಥ ಜೋಡಿಗೆ ಫ್ರೇಸಲ್ ವರ್ಬ್ ಅಂತ ಹೆಸರು. 1755ರಲ್ಲಿ ತಮ್ಮ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್ ಅದರ ಮುನ್ನುಡಿಯಲ್ಲೇ, ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟ ಕೊಡೋದು ಈ ಜೋಡಿಗಳು ಅಂತ ಒಪ್ಪಿಕೊಂಡಿದ್ದರು. ಫ್ರೇಸಲ್ ವರ್ಬ್ ಅನ್ನೋ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ, 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಿಂದ.

ಆದರೆ ಕನ್ನಡದವರು ಇದಕ್ಕೆ ಹೆದರಬೇಕಿಲ್ಲ ಅನ್ನೋದು ನನ್ನ ವಾದ. ಯಾಕೆಂದರೆ ನಾವು ಬೆಳಗ್ಗೆ ಎದ್ದಾಗಿನಿಂದ ಇದೇ ಕೆಲಸ ಮಾಡ್ತಿರ್ತೀವಿ. "ಹಾಲು ಉಕ್ಕಿಹೋಯ್ತು" ಅಂತೀವಿ. ಹಾಲು ಎಲ್ಲಿಗೆ ಹೋಯ್ತು? "ತಿಂದುಬಿಡು" ಅಂತೀವಿ. ತಿನ್ನಬೇಕೋ, ಬಿಡಬೇಕೋ? "ಹಳೇ ಪೇಪರ್ ಸುಟ್ಟುಹಾಕು" ಅಂದಾಗ ಹಾಕೋದು ಎಲ್ಲಿಗೆ? ಎರಡನೆಯ ಕ್ರಿಯಾಪದ ತನ್ನ ಅರ್ಥ ಕಳಚಿಟ್ಟು, ಮೊದಲನೆಯದಕ್ಕೆ ಒಂದು ಬಣ್ಣ ಹಚ್ಚುತ್ತದೆ: ಪೂರ್ತಿ ಆಯ್ತು, ಕೈಮೀರಿತು, ತನಗಾಗಿ ಮಾಡಿಕೊಂಡ, ಹೀಗೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಅಪ್, ಓವರ್, ಆಫ್ ಮಾಡುತ್ತವೆ. ಹಾಲು ಬಾಯ್ಲ್ಡ್ ಓವರ್. ತಿಂದುಬಿಡು, ಈಟ್ ಇಟ್ ಅಪ್. ಬಾವಿ ಒಣಗಿಹೋಯ್ತು, ಡ್ರೈಡ್ ಅಪ್. ಸಕ್ಕರೆ ಮುಗಿದುಹೋಯ್ತು, ವಿ ರ‍್ಯಾನ್ ಔಟ್ ಆಫ್ ಶುಗರ್.

'ಲುಕ್' ಅನ್ನೇ ನೋಡಿ. ಮಗೂನ ನೋಡಿಕೋ, ಲುಕ್ ಆಫ್ಟರ್. ಬಡವರನ್ನ ಕೀಳಾಗಿ ನೋಡಬೇಡ, ಲುಕ್ ಡೌನ್ ಆನ್. ಇನ್ನು ಲುಕ್ ಫಾರ್ವರ್ಡ್ ಟು ಅಂದರೆ ನಮ್ಮ 'ಎದುರುನೋಡು', ಹೆಚ್ಚುಕಮ್ಮಿ ಪದಕ್ಕೆ ಪದ! ಇದನ್ನು ಹೇಳಿದ ದಿನ ಹಜಾರದಲ್ಲಿ ಎಲ್ಲರ ಮುಖ ಅರಳಿತ್ತು.

ಅದಕ್ಕೇ ಅಂಗಡಿಯಲ್ಲಿ ಸಿಗುವ 'ಐನೂರು ಫ್ರೇಸಲ್ ವರ್ಬ್‌ಗಳು' ಥರದ ಪಟ್ಟಿ ನನಗೆ ಇಷ್ಟವಿಲ್ಲ. ದಿನಕ್ಕೆರಡು ಸಾಕು, ಅದೂ ಮನೆಯಲ್ಲಿ ಆವತ್ತು ನಡೆದದ್ದಕ್ಕೆ ಸಂಬಂಧಿಸಿದ್ದು. ಅರ್ಧ ನಮಗೆ ಗೊತ್ತೇ ಇವೆ. ಚೆಕಪ್‌ಗೆ ಹೋಗ್ತೀವಿ, ಸ್ಟೇಷನ್‌ನಿಂದ ಪಿಕಪ್ ಮಾಡ್ತೀವಿ, ಥಿಯೇಟರ್ ಮುಂದೆ ಹೀರೋನ ಕಟೌಟ್ ನಿಲ್ಲಿಸ್ತೀವಿ. ಸ್ವಿಚ್ ಆಫ್ ಅನ್ನೋದರಲ್ಲಿ ಸ್ವಿಚ್ ಬಿಟ್ಟು ಬರೀ 'ಆಫ್ ಮಾಡು' ಅಂತೀವಿ. ಕನ್ನಡದಲ್ಲಿ ಅದು ಸೊಗಸಾಗಿದೆ, ಇಂಗ್ಲಿಷ್‌ಗೆ ಹೊತ್ತೊಯ್ದು 'ಆಫ್ ದ ಫ್ಯಾನ್' ಅಂದಾಗ ಮಾತ್ರ ತೊಂದರೆ. ಅಲ್ಲಿ 'ಟರ್ನ್ ಆಫ್ ದ ಫ್ಯಾನ್' ಅನ್ನಬೇಕು. ಫ್ಯಾನ್ ಬದಲು 'ಇಟ್' ಬಂದರೆ ಅದು ನಡುವೆ ನುಗ್ಗಿ ಕೂರುತ್ತದೆ: ಟರ್ನ್ ಇಟ್ ಆಫ್.

ತಪ್ಪಾದರೇನು, ಅರ್ಥ ಆದರೆ ಸಾಕಲ್ವಾ ಅಂತ ಕೇಳುತ್ತಾರೆ. ಮಾತಾಡೋವಾಗ ಸಾಕು. ಬೇರೆಯವರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳೋವಾಗ ಸಾಲದು. ನಮ್ಮ ಬೀದಿಯ ಹುಡುಗನೊಬ್ಬನಿಗೆ ಇಂಟರ್‌ವ್ಯೂ 'ಪುಟ್ ಆಫ್' ಆಗಿದೆ ಅಂತ ಮೇಲ್ ಬಂತು. ರದ್ದಾಯ್ತು ಅಂದುಕೊಂಡು ಊರಿಗೆ ಹೊರಟುಹೋದ. ರದ್ದಾಗಿದ್ದರೆ 'ಕಾಲ್ಡ್ ಆಫ್' ಅಂತಿರಬೇಕಿತ್ತು, ಪುಟ್ ಆಫ್ ಅಂದರೆ ಮುಂದಕ್ಕೆ ಹಾಕಿದ್ದಾರೆ ಅಂತ. ಹೊಸ ತಾರೀಖು ತಿಳಿಸಿದ ಎರಡನೇ ಮೇಲ್ ಅನ್ನು ಅವನು ತೆರೆದು ನೋಡಿದ್ದು ಆ ತಾರೀಖು ಕಳೆದ ಮೇಲೆ. ನನ್ನ ಬಳಿ ಬರುವ ಇನ್ನೊಬ್ಬರು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಅವರಿಗೆ ಮೊದಲು ಕಲಿಸಿದ್ದೇ ಇದು: ಸಾಲ್ಟ್ 'ಕಟ್ ಡೌನ್' ಅಂದರೆ ಉಪ್ಪು ಕಡಿಮೆ ಮಾಡಿ, 'ಕಟ್ ಔಟ್' ಅಂದರೆ ಪೂರ್ತಿ ಬಿಡಿಸಿ. ಅಜ್ಜನ ತಟ್ಟೆಗೆ ಏನು ಬೀಳಬೇಕು ಅನ್ನೋದು ಆ ಒಂದು ಪದದಲ್ಲಿದೆ.

ಇನ್ನು 'ಟು'. ಹೋಗಲು, ಹೋಗೋಕೆ ಅನ್ನೋದಕ್ಕೆ ಟು ಗೋ. ಇದಕ್ಕೆ ಇನ್ಫಿನಿಟಿವ್ ಅಂತಾರೆ. ನಮ್ಮ 'ಅಲು' ಕ್ರಿಯಾಪದದ ಬಾಲಕ್ಕೆ ಅಂಟುತ್ತದೆ, ಅವರ ಟು ಮುಂದೆ ನಿಲ್ಲುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅವರಿಗೂ ಬಾಲವೇ ಇತ್ತು. ಹಾಡಲು ಅನ್ನೋದಕ್ಕೆ 'ಸಿಂಗನ್' ಅನ್ನುತ್ತಿದ್ದರು. ಆ ಬಾಲ ಸವೆದುಹೋಗಿ ಟು ಉಳಿಯಿತು.

ಇಲ್ಲಿ ನಿಜವಾದ ಎಡವಟ್ಟು ಬರೋದು ಸ್ಟಾಪ್ ಜೊತೆ. 'ಹಿ ಸ್ಟಾಪ್ಡ್ ಡ್ರಿಂಕಿಂಗ್' ಅಂದರೆ ಕುಡಿಯೋದು ನಿಲ್ಲಿಸಿದ. 'ಹಿ ಸ್ಟಾಪ್ಡ್ ಟು ಡ್ರಿಂಕ್' ಅಂದರೆ ಕುಡಿಯೋಕೆ ಅಂತ ನಿಂತ! ಹುಡುಗನ ಕಡೆಯವರು ಬರೆಯುವಾಗ ಸ್ವಲ್ಪ ಜೋಪಾನ. 'ರಿಮೆಂಬರ್ ಟು ಲಾಕ್ ದ ಡೋರ್', ಬೀಗ ಹಾಕೋದು ನೆನಪಿರಲಿ. 'ಐ ರಿಮೆಂಬರ್ ಲಾಕಿಂಗ್ ದ ಡೋರ್', ಬೀಗ ಹಾಕಿದ್ದು ನೆನಪಿದೆ. ಇಲ್ಲಿ ಟು ಇದ್ದರೆ ಕೆಲಸ ಇನ್ನೂ ಮುಂದಿದೆ, ಇಂಗ್ ಇದ್ದರೆ ಆಗಿಹೋಗಿದೆ. ಹಾಕೋದು, ಹಾಕಿದ್ದು ಅಂತ ನಾವು ಮಾಡುವ ವ್ಯತ್ಯಾಸವೇ.

'ಮೇಕ್', 'ಲೆಟ್' ಇವೆರಡಕ್ಕೆ ಟು ಬೇಡ. 'ಲೆಟ್ ಮಿ ಗೋ' ಸಾಕು. ಮತ್ತೆ ಆ ಎದುರುನೋಡು ಇದೆಯಲ್ಲ, ಅದರ ಟು ಬೇರೆ ಜಾತಿಯದು. ಅದು ಇನ್ಫಿನಿಟಿವ್‌ನದಲ್ಲ, ಫ್ರೇಸಲ್ ವರ್ಬ್‌ನ ಬಾಲ. ಹಾಗಾಗಿ 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಲ್ಲ, 'ಟು ಮೀಟಿಂಗ್ ಯು'. ಅನುಮಾನ ಬಂದರೆ ಅಲ್ಲಿ ಒಂದು ವಸ್ತುವಿನ ಹೆಸರು ಇಟ್ಟು ನೋಡಿ. 'ಲುಕಿಂಗ್ ಫಾರ್ವರ್ಡ್ ಟು ದ ಹಾಲಿಡೇಸ್' ಸಲೀಸಾಗಿ ಕೂರುತ್ತಲ್ಲ? ಹಾಗಿದ್ದರೆ ಇಂಗ್ ಹಚ್ಚಿ.

ಕೊನೆಗೆ ಫೋನಿನದ್ದೊಂದು. ಆ ಕಡೆಯವರು 'ಹ್ಯಾಂಗ್ ಆನ್' ಅಂದರೆ ಸ್ವಲ್ಪ ತಾಳಿ ಅಂತ. 'ಹ್ಯಾಂಗ್ ಅಪ್' ಅಂದರೆ ಫೋನ್ ಇಡಿ ಅಂತ. ಬ್ಯಾಂಕಿಗೆ ಅರ್ಧ ಗಂಟೆ ಪ್ರಯತ್ನಪಟ್ಟು ಲೈನ್ ಸಿಕ್ಕಾಗ, ಹ್ಯಾಂಗ್ ಆನ್ ಅಂದರೆ ದಯವಿಟ್ಟು ಕಟ್ ಮಾಡಬೇಡಿ.